ದೊಡ್ಡಮ್ಮನ ಹಾಡಿಗೆ ಮೂರು ಕೊಟೇಶನ್

ನಮ್ಮ ಕಚೇರಿಯಲ್ಲಿ ನನಗೆ ‘ಮೂರು ಕೊಟೇಶನ್’ ಎಂದು ಅಡ್ಡಹೆಸರು. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ನೀರು ಸರಬರಾಜು ಕಚೇರಿಯ ಖರೀದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದೇನೆ. ಪೈಪಾಗಲಿ, ಪೆನ್ನಾಗಲಿ, ಮೂರು ಕಡೆಯಿಂದ ಕೊಟೇಶನ್ ತರಿಸದೆ, ಮೂರನ್ನೂ ಒಂದರ ಪಕ್ಕ ಒಂದಿಟ್ಟು ತುಲನಾ ಪಟ್ಟಿ ಬರೆಯದೆ, ಸಮಿತಿಯ ಮುಂದೆ ಮಂಡಿಸದೆ ನಾನು ಏನನ್ನೂ ಕೊಂಡವನಲ್ಲ. ಒಮ್ಮೆ ನಮ್ಮ ಎಂಜಿನಿಯರ್ ಸಾಹೇಬರು ಬೆನ್ನುನೋವೆಂದು ಒಂದು ಒಳ್ಳೆಯ ಕುರ್ಚಿ ಕೇಳಿದರು. ಹನ್ನೊಂದು ತಿಂಗಳಲ್ಲಿ ತರಿಸಿಕೊಟ್ಟೆ. ಕುರ್ಚಿ ಬಂದ ದಿನವೇ ಅವರ ನಿವೃತ್ತಿಯಾಗಿದ್ದರಿಂದ ಬೀಳ್ಕೊಡುಗೆ ಸಮಾರಂಭದಲ್ಲಿ ಅವರನ್ನು ಅದರ ಮೇಲೆಯೇ ಕೂರಿಸಿದೆವು. ಐದು ನಿಮಿಷ ಕೂತು, ಬಹಳ ಚೆನ್ನಾಗಿದೆ ಎಂದು ಹೇಳಿ ಮನೆಗೆ ಹೋದರು.

ಇಂಥ ಅನುಭವಸ್ಥನ ಮನೆಯಲ್ಲಿ ಒಂದು ಹಾಡು ರೆಕಾರ್ಡ್ ಮಾಡುವುದು ಎಷ್ಟರ ಕೆಲಸ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ನನ್ನನ್ನೂ ನನ್ನ ಅಕ್ಕನನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಗುಂಡಿ ಹಚ್ಚಿದಳು. ಈಗ ನಮ್ಮ ಮನೆಯಲ್ಲಿದ್ದಾಳೆ, ಈಗಲೂ ಗುಂಡಿ ಹಚ್ಚುತ್ತಾಳೆ. ಗಟ್ಟಿಯಾಗಿರುವ ಗುಂಡಿಯನ್ನೂ ಕಿತ್ತು ಮತ್ತೆ ಹಚ್ಚುತ್ತಾಳೆ. ಹಚ್ಚುವಾಗ ಹಾಡುತ್ತಾಳೆ. ನಾನು ಅಂಗಿ ತೊಡುವುದಕ್ಕೆ ರಚ್ಚೆ ಹಿಡಿಯುತ್ತಿದ್ದ ಕಾಲದಲ್ಲಿ ಅವಳೇ ಕಟ್ಟಿದ ಹಾಡು ಅದು.

ಗುಂಡಿ ಗುಂಡಿ ಎಲ್ಲಿ ಹೋದೆ,
ಅಂಗಿ ಬಿಟ್ಟು ಯಾಕೆ ಹೋದೆ?
ಸಣ್ಣ ಸೂಜಿ ಹುಡುಕಿ ಬಂತು,
ದಾರ ಹಿಂದೆ ಅಳುತ ಬಂತು.

ಇದೇ ಧಾಟಿಯಲ್ಲಿ ಮುಂದಕ್ಕೆ ಹೋಗುತ್ತದೆ. ಮನೆಯಲ್ಲಿ ಗಡಿಯಾರದ ಸದ್ದು ಹೇಗೋ ಹಾಗೆ ಈ ಹಾಡು. ಇದೆ ಎನ್ನುವುದೇ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಒಂದು ಮಂಗಳವಾರ ಹೆಂಡತಿ ದೊಡ್ಡಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಳು. ಮುಂದಿನ ಎರಡು ಹಲ್ಲು ಅಲ್ಲಾಡುತ್ತಿವೆ, ಬರುವ ವಾರ ಶುಕ್ರವಾರ ಕೀಳುತ್ತೇನೆ ಎಂದಿದ್ದರಂತೆ. ದೊಡ್ಡಮ್ಮ ಕನ್ನಡಿಯ ಮುಂದೆ ನಿಂತು ಆ ಎರಡು ಹಲ್ಲುಗಳನ್ನು ಬಹಳ ಹೊತ್ತು ನೋಡಿದಳು.

“ಅಲ್ವೋ, ಇಷ್ಟು ವರ್ಷ ಹಾಡಿದ್ದೇ ಹಾಡಿದ್ದು. ನಾನು ಹಾಡೋದು ಕೇಳೋರಿಗೆ ಹೇಗೆ ಕೇಳ್ಸುತ್ತೆ ಅಂತ ನಂಗೇ ಗೊತ್ತಿಲ್ಲ ನೋಡು” ಎಂದಳು. “ಹಲ್ಲು ಹೋದ್ಮೇಲೆ ‘ಸೂಜಿ’ ಅನ್ನೋಕೂ ಬರಲ್ಲ. ಅಷ್ಟರೊಳಗೆ ಒಂದೇ ಒಂದ್ಸಲ ನನ್ನ ಹಾಡು ನಾನು ಕೇಳ್ಬೇಕು ಅಂತ ಆಸೆ.”

ದೊಡ್ಡಮ್ಮ ಜೀವಮಾನದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ. “ಆಗ್ಲಿ ದೊಡ್ಡಮ್ಮ, ಕೇಳ್ಸೇ ಕೇಳ್ಸ್ತೀನಿ” ಎಂದುಬಿಟ್ಟೆ. ಹೆಂಡತಿ ಕೂಡಲೇ ಚೀಲದಿಂದ ಫೋನ್ ತೆಗೆದಳು.

“ಅದಕ್ಕೇನಂತೆ, ಈಗ್ಲೇ ಹಾಡಿ ದೊಡ್ಡಮ್ಮ. ಒಂದು ನಿಮಿಷದ ಕೆಲಸ.”

“ಫೋನಾ?” ಎಂದೆ ನಾನು. “ಫೋನಲ್ಲಿ ಹಿಡಿಯೋಕೆ ಇದೇನು ಬಸ್ಸಿನ ಹಾರ್ನಾ? ಇದು ಹಾಡು ಕಣೇ. ಕಂಪ್ಯೂಟರಲ್ಲಿ, ಮೈಕ್ ಇಟ್ಟು, ಸ್ಟುಡಿಯೋ ಥರ ರೆಕಾರ್ಡ್ ಮಾಡ್ತೀನಿ. ದೊಡ್ಡಮ್ಮ, ನಾನು ಮಾತು ಕೊಟ್ಟಿದ್ದೀನಿ.”

“ಏನ್ರೀ, ಕುರ್ಚಿ ಕಥೆ ಆಗಲ್ಲ ತಾನೇ?”

“ಬಿಡಮ್ಮ, ಮಾತು ಕೊಟ್ಟಿರೋದು ಅವನು. ಅವನೇ ಮಾಡ್ಲಿ” ಎಂದು ದೊಡ್ಡಮ್ಮ ಫೋನನ್ನು ಪಕ್ಕಕ್ಕೆ ಸರಿಸಿದಳು. ಆ ವಿಶ್ವಾಸವೇ ನನ್ನನ್ನು ಕೆಡಿಸಿದ್ದು.

ಮೈಕ್ ಬೇಕಲ್ಲ, ಭಾವಮೈದನನ್ನು ಕರೆಸಿದೆ. ಅವನು ಒಂದು ವಾದ್ಯಮೇಳದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ತಿಳಿಯದ ವಿಷಯ ಅವನಿಗೆ ಇಲ್ಲ, ತಿಳಿದ ವಿಷಯವನ್ನು ಹೇಳದೆ ಬಿಟ್ಟದ್ದೂ ಇಲ್ಲ. ಮೈಕನ್ನು ಮೇಜಿನ ಮೇಲಿಟ್ಟು ನನ್ನ ಹಳೇ ಕಂಪ್ಯೂಟರನ್ನು ನೋಡಿ ನಕ್ಕ.

“ಭಾವ, ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ರೆಕಾರ್ಡ್ ಮಾಡ್ಬೇಕು ಅಂತಿದ್ದೀರಿ?”

“ಯಾವುದು ಅಂದ್ರೆ? ಇದರಲ್ಲಿ ಒಂದಿದೆಯಲ್ಲಪ್ಪ.”

“ಇರೋದು ಎಲ್ಲರ ಮನೇಲೂ ಇರೋದು. ಸಂಗೀತಕ್ಕೆ ಅಂತ ನೋಡಿದ್ರೆ ಇನ್ನೂ ಎರಡಿವೆ. ಒಂದು ದುಬಾರಿದು, ದೊಡ್ಡ ದೊಡ್ಡ ಸ್ಟುಡಿಯೋದೋರು ಇಟ್ಕೊಂಡಿರ್ತಾರೆ. ಇನ್ನೊಂದು ಪುಕ್ಕಟೆದು, ನಾನು ಬಳಸೋದು ಅದೇ. ಸರಿಯಾದ್ದು ಆರಿಸ್ಲಿಲ್ಲ ಅಂದ್ರೆ ದೊಡ್ಡಮ್ಮ ಹಾಡಿದ್ದು ಹೆಡ್‌ಫೋನಲ್ಲಿ ಇಪ್ಪತ್ತು ಮಿಲಿಸೆಕೆಂಡ್ ತಡವಾಗಿ ಕೇಳ್ಸುತ್ತೆ.”

“ಮಿಲಿಸೆಕೆಂಡ್ ಅಂದ್ರೆ?”

“ಒಂದು ಸೆಕೆಂಡನ್ನ ಸಾವಿರ ತುಂಡು ಮಾಡಿದ್ರೆ ಅದರಲ್ಲಿ ಒಂದು.”

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಮ್ಮ ಕಚೇರಿಯಲ್ಲಿ ವಿಳಂಬವನ್ನು ತಿಂಗಳಿನಲ್ಲಿ ಅಳೆಯುತ್ತೇವೆ. ಅದಕ್ಕಿಂತ ಸಣ್ಣ ವಿಳಂಬವೂ ಪ್ರಪಂಚದಲ್ಲಿ ಇದೆಯೆಂದೂ, ಅದಕ್ಕೂ ಜನ ಬೇಸರ ಪಟ್ಟುಕೊಳ್ಳುತ್ತಾರೆಂದೂ ನನಗೆ ಗೊತ್ತಿರಲಿಲ್ಲ. ಆದರೆ ಅವನ ಮಾತಿನಲ್ಲಿ ನನಗೆ ಹಿಡಿಸಿದ್ದು ಬೇರೆಯೇ. ಎಲ್ಲರದ್ದು, ದುಬಾರಿದು, ಪುಕ್ಕಟೆದು. ಲೆಕ್ಕ ಹಾಕಿದಂತೆ ಮೂರು! ಮೈಯಲ್ಲಿ ಒಂದು ಉತ್ಸಾಹ ಹರಿಯಿತು. ಒಳಗೆ ಹೋಗಿ ಹೊಸ ಫೈಲು, ಟ್ಯಾಗು, ಸ್ಕೇಲು ತಂದೆ. ಹೆಂಡತಿ ಆ ಫೈಲನ್ನು ನೋಡಿದವಳೇ ತಲೆಗೆ ಕೈಹಚ್ಚಿಕೊಂಡು ಕೂತಳು.

ಮರುದಿನವೇ ಸಮಿತಿ ರಚನೆಯಾಯಿತು. ಅಧ್ಯಕ್ಷರು ಮಹಡಿ ಮನೆಯ ಆಡಿಟರ್ ಸಾಹೇಬರು. ನಿವೃತ್ತರಾಗಿ ಎಂಟು ವರ್ಷವಾದರೂ ಕೈಯಲ್ಲಿ ಕೆಂಪು ಪೆನ್ಸಿಲ್ ಬಿಟ್ಟವರಲ್ಲ. ಅವರ ಮಗಳು ಉಡುಗೊರೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ದುಬಾರಿ ಸಿಸ್ಟಂ ಇತ್ತು. ಅದರಲ್ಲಿ ಇಸ್ಪೀಟು ಆಡುತ್ತಿದ್ದರು. ಸದಸ್ಯರು ಹೆಂಡತಿ ಮತ್ತು ಭಾವಮೈದ. ಸದಸ್ಯ ಕಾರ್ಯದರ್ಶಿ ನಾನು.

“ದುಬಾರಿದೇ ಆಗ್ಲಿ” ಎಂದರು ಆಡಿಟರ್, ಮೊದಲ ಸಭೆಯ ಮೊದಲ ನಿಮಿಷದಲ್ಲೇ. “ನನ್ನ ಲ್ಯಾಪ್‌ಟಾಪ್ ಕೊಡ್ತೀನಿ. ಸಂಜೆ ಐದರಿಂದ ಏಳು ಬಿಟ್ಟು. ಆಗ ನಾನು ಆಡ್ಬೇಕು.”

“ಸಾರ್, ಪುಕ್ಕಟೆದು ಅಂದ್ರೆ ಬರೀ ಕಾಸಿಲ್ಲ ಅಂತಲ್ಲ. ಅದೊಂದು ತತ್ವ” ಎಂದ ಭಾವಮೈದ ಎದೆಯುಬ್ಬಿಸಿ. “ಪ್ರಪಂಚದ ಜನ ಎಲ್ಲ ಸೇರಿ ಮಾಡಿರೋದು. ಪೆನ್‌ಡ್ರೈವಲ್ಲಿ ತಂದಿದ್ದೀನಿ, ಚುಚ್ಚಿದ್ರೆ ಸಾಕು.”

“ಅದರ ಬಿಲ್ ಎಲ್ಲಿ?”

“ಬಿಲ್ ಇಲ್ಲ ಸಾರ್, ಪುಕ್ಕಟೆ.”

“ನಲವತ್ತು ವರ್ಷ ಆಡಿಟ್ ಮಾಡಿದ್ದೀನಪ್ಪ. ಬಿಲ್ ಇಲ್ಲದ ವಸ್ತು ಅಂದ್ರೆ ಕದ್ದದ್ದು.”

ಇಬ್ಬರಿಗೂ ಜಟಾಪಟಿಯಾಯಿತು. ಹೆಂಡತಿ ತನ್ನ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದುಕೊಟ್ಟಳು. ‘ಫೋನ್’ ಎಂದಿತ್ತು. ನಿಗದಿತ ನಮೂನೆಯಲ್ಲಿ ಇಲ್ಲವೆಂದು ಅದನ್ನು ತಿರಸ್ಕರಿಸಿದೆ. ಆ ಸಂಜೆ ನನಗೆ ಕಾಫಿ ನಾನೇ ಮಾಡಿಕೊಳ್ಳಬೇಕಾಯಿತು.

ಪರೀಕ್ಷೆ ಮಾಡದೆ ತೀರ್ಮಾನವಿಲ್ಲ ಎಂದು ಶನಿವಾರ ಮತ್ತು ಭಾನುವಾರ ಮೂರು ಸಿಸ್ಟಂಗಳಲ್ಲೂ ಪರೀಕ್ಷಾ ರೆಕಾರ್ಡಿಂಗ್ ಇಟ್ಟುಕೊಂಡೆವು. ನಾನು ಹಾಲ್‌ನಲ್ಲಿ ಮೈಕಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, “ಒಂದು, ಎರಡು, ಮೂರು, ಇದು ಪರೀಕ್ಷೆ” ಎನ್ನುವುದು. ಅಷ್ಟೇ. ಆದರೆ ಶುರುಮಾಡಿದ ಕೂಡಲೇ ಪಕ್ಕದ ಕೋಣೆಯಿಂದ, ನನ್ನ ಕಚೇರಿಯ ಅಂಗಿಗೆ ಗುಂಡಿ ಹಚ್ಚುತ್ತಿದ್ದ ದೊಡ್ಡಮ್ಮನ ಹಾಡು ಕೇಳಿಸಿತು.

“ದೊಡ್ಡಮ್ಮ! ಸ್ವಲ್ಪ ಸುಮ್ನಿರು! ಇಲ್ಲಿ ರೆಕಾರ್ಡಿಂಗ್ ನಡೀತಾ ಇದೆ!” ಎಂದು ಕೂಗಿದೆ.

ಹಾಡು ನಿಂತಿತು. ಎರಡನೇ ಸಿಸ್ಟಂ ಪರೀಕ್ಷೆಗೆ ಇಟ್ಟಾಗ ಮತ್ತೆ ಅದೇ. ನಾನು ಸೌಜನ್ಯಕ್ಕೆ ಸ್ವಲ್ಪ ತಡೆದುಕೊಂಡು ಆಮೇಲೆ ಕೂಗಿದೆ. ಮೂರನೆಯದಕ್ಕೂ ಅದೇ ಗತಿಯಾಯಿತು. ಆಗ ಇನ್ನೂ ಹೆಚ್ಚು ಹೊತ್ತು ಹಲ್ಲು ಕಚ್ಚಿ ತಡೆದುಕೊಂಡು, ಆಮೇಲೆ ಇನ್ನೂ ಜೋರಾಗಿ ಕೂಗಿದೆ. ತುಲನಾ ಪಟ್ಟಿಯಲ್ಲಿ ‘ದೋಷಗಳು’ ಎಂಬ ಕಾಲಂನ ಕೆಳಗೆ ಮೂರಕ್ಕೂ ಒಂದೇ ಮಾತು ಬರೆದೆ: ಹಿನ್ನೆಲೆಯಲ್ಲಿ ಅನಗತ್ಯ ಸದ್ದು.

“ಪಟ್ಟಿ ಚೆನ್ನಾಗಿದೆ” ಎಂದರು ಆಡಿಟರ್, ಕೆಂಪು ಪೆನ್ಸಿಲಿನಿಂದ ಎರಡು ಕಡೆ ಗೆರೆ ಎಳೆದು. “ಆದ್ರೆ ಪಾರದರ್ಶಕತೆ ಬೇಡ್ವೇನ್ರೀ? ಸಾರ್ವಜನಿಕರ ಆಕ್ಷೇಪಣೆ ಕರೀಬೇಕು.”

ಅವರು ಹೇಳಿದ್ದು ನ್ಯಾಯವೇ. ಭಾನುವಾರ ಸಂಜೆ ನಮ್ಮ ಕಟ್ಟಡದ ಕೆಳಗಿನ ನೋಟಿಸ್ ಬೋರ್ಡಿಗೆ ಒಂದು ಪ್ರಕಟಣೆ ಅಂಟಿಸಿದೆ. ಕಚೇರಿಯ ಬರವಣಿಗೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವನ್ನು ಮತ್ತೆ ಬಿಡಿಸಿ ಬರೆಯುವ ಪದ್ಧತಿ ಇಲ್ಲ. ಆದ್ದರಿಂದ ಕಂಪ್ಯೂಟರ್, ಹಾಡು, ರೆಕಾರ್ಡಿಂಗ್ ಎಂಬ ಮಾತುಗಳು ಅದರಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಇಷ್ಟೇ:

‘ವಿಷಯ: ನಮ್ಮ ಮನೆಯ ದೊಡ್ಡಮ್ಮನವರ ಬಗ್ಗೆ. ಸದರಿಯವರಿಗಾಗಿ ಮೂರನ್ನು ಪರಿಶೀಲಿಸಲಾಗಿದೆ. ಒಂದು, ಎಲ್ಲ ಕಡೆ ಇರುವಂಥದ್ದು. ಎರಡು, ದುಬಾರಿಯದು. ಮೂರು, ಪುಕ್ಕಟೆಯದು. ಮೂರರಲ್ಲೂ ಗದ್ದಲ ಇದೆ. ಶುಕ್ರವಾರದೊಳಗೆ ಒಂದನ್ನು ಅಂತಿಮಗೊಳಿಸಲಾಗುವುದು. ಆಮೇಲೆ ಅವರಿಂದ ಪ್ರಯೋಜನವಿಲ್ಲ. ಆಕ್ಷೇಪಣೆ ಇದ್ದವರು ಮೂರು ದಿನದೊಳಗೆ ತಿಳಿಸತಕ್ಕದ್ದು.’

ಕೆಳಗೆ ನನ್ನ ಸಹಿ, ದಿನಾಂಕ.

ಸೋಮವಾರ ಬೆಳಗ್ಗೆ ಮೆಟ್ಟಿಲಿನಲ್ಲಿ ಎದುರುಮನೆಯ ಟೀಚರ್ ನನ್ನನ್ನು ಅಡ್ಡಗಟ್ಟಿದರು. ಕಣ್ಣು ಕೆಂಪಗಿತ್ತು.

“ನೋಟಿಸ್ ಓದ್ದೆ. ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.”

“ಬೇರೆ ದಾರಿ ಇಲ್ಲ ಟೀಚರ್. ಸುಮ್ನೆ ಕೈಗೆ ಸಿಕ್ಕಿದ್ದರಲ್ಲಿ ಮುಗಿಸೋಕಾಗುತ್ತಾ?” ಎಂದೆ.

“ಮುಗಿಸೋದಾ!” ಟೀಚರ್ ಗೋಡೆ ಹಿಡಿದುಕೊಂಡರು. “ಹೋಗ್ಲಿ, ಪುಕ್ಕಟೆದಕ್ಕಂತೂ ಹಾಕ್ಬೇಡಿ. ನಮ್ಮ ಚಿಕ್ಕಪ್ಪನ್ನ ಹಾಕಿದ್ರು. ಕೇಳೋರೇ ಇರ್ಲಿಲ್ಲ.”

“ನಿಮ್ಮ ಚಿಕ್ಕಪ್ಪನೂ ಹಾಡ್ತಿದ್ರಾ? ಕೇಳೋರು ಇಲ್ಲ ಅನ್ನೋದು ಹಳೇ ಮಾತು ಬಿಡಿ. ಈಗ ಎಲ್ಲಾ ಬಾಗ್ಲೂ ತೆರೆದೇ ಇರುತ್ತಂತೆ. ಯಾರು ಬೇಕಾದ್ರೂ ಒಳಗೆ ನುಗ್ಗಿ ತಮಗೆ ಬೇಕಾದ ಹಾಗೆ ಬದಲಾಯಿಸ್ಬಹುದಂತೆ.”

“ಅಯ್ಯೋ! ಒಗ್ಗದೆ ಹೋದ್ರೆ?”

“ಅಳಿಸಿಹಾಕಿ ಬೇರೆಯದಕ್ಕೆ ಹೋಗೋದು. ಅರ್ಧ ಗಂಟೆ ಕೆಲಸ, ನನ್ನ ಭಾವಮೈದ ಮಾಡ್ತಾನೆ. ಅವನಿಗೆ ಅಭ್ಯಾಸ ಇದೆ.”

ಟೀಚರ್ ಎದೆ ಹಿಡಿದುಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಪರೇಟಿಂಗ್ ಸಿಸ್ಟಂ ಬಗ್ಗೆ ಜನರಿಗೆ ಇಷ್ಟೊಂದು ಭಾವನೆ ಇದೆಯೆಂದು ನಾನು ಅಂದುಕೊಂಡಿರಲಿಲ್ಲ.

ಮಧ್ಯಾಹ್ನ ಕಚೇರಿಗೆ ಅಕ್ಕನ ಫೋನ್ ಬಂತು. ಅವಳು ಬೇರೆ ಊರಿನಲ್ಲಿದ್ದಾಳೆ. ಟೀಚರ್ ಅವಳ ಹಳೇ ಸ್ನೇಹಿತೆ.

“ಲೋ! ನಿನಗೆ ಮನುಷ್ಯತ್ವ ಇದೆಯೇನೋ? ಅವಳು ನಮ್ಮಿಬ್ಬರನ್ನೂ ಸಾಕಿದೋಳು ಕಣೋ! ನಿನ್ನ ಕೈಲಾಗ್ದಿದ್ರೆ ಹೇಳು, ನಾನು ನಮ್ಮನೆಗೆ ಕರ್ಕೊಂಡು ಬರ್ತೀನಿ.”

“ನಿಮ್ಮನೆಲಿ ಆಗಲ್ಲಕ್ಕ” ಎಂದೆ ಸಮಾಧಾನದಿಂದ. “ರಸ್ತೆ ಪಕ್ಕದ ಮನೆ. ಹಗಲೆಲ್ಲ ಲಾರಿ ಸದ್ದು.”

“ಲಾರಿ ಸದ್ದಿಗೆ ಅವಳೇನು ಸವೆದುಹೋಗ್ತಾಳಾ?”

“ಅವಳಿಗೇನೂ ಆಗಲ್ಲ, ಕೆಲಸ ಕೆಡುತ್ತೆ. ನನ್ನ ಪ್ರಕಾರ ದುಬಾರಿದೇ ಒಳ್ಳೇದು. ಆದ್ರೆ ಸಂಜೆ ಐದರಿಂದ ಏಳು ಅವಳನ್ನ ಅಲ್ಲಿ ಇಟ್ಕೊಳ್ಳೋಕಾಗಲ್ಲ. ಆಗ ಅವರು ಇಸ್ಪೀಟು ಆಡ್ತಾರೆ.”

ಫೋನ್ ಕಟ್ಟಾಯಿತು. ಅಕ್ಕನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ.

ಬುಧವಾರದ ಹೊತ್ತಿಗೆ ನಮ್ಮ ಮನೆಯ ಹಾಲ್‌ನಲ್ಲಿ ಕಿತ್ತಳೆ, ಬಾಳೆಹಣ್ಣು, ಬ್ರೆಡ್ಡಿನ ಗುಡ್ಡೆ ಬಿದ್ದಿತ್ತು. ಕಟ್ಟಡದ ಹೆಂಗಸರು ಒಬ್ಬೊಬ್ಬರಾಗಿ ಬಂದು ದೊಡ್ಡಮ್ಮನ ಕೈಹಿಡಿದು, “ಧೈರ್ಯ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ” ಎಂದು ಅಳುತ್ತಿದ್ದರು. ಅವರು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾವಲುಗಾರ ನನಗೆ ನಮಸ್ಕಾರ ಹೊಡೆಯುವುದನ್ನೇ ಬಿಟ್ಟ. ದೊಡ್ಡಮ್ಮ ಮಾತ್ರ ಹಣ್ಣು ತಿನ್ನುತ್ತಾ ಖುಷಿಯಾಗಿದ್ದಳು.

“ಎರಡು ಹಲ್ಲಿಗೆ ಇಷ್ಟೊಂದು ಜನ ಅಳ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ” ಎಂದಳು.

ಗುರುವಾರ ಬಂತು. ಮರುದಿನ ಬೆಳಗ್ಗೆ ಹತ್ತಕ್ಕೆ ಹಲ್ಲು ಕೀಳುವುದು. ಸಮಿತಿ ಇನ್ನೂ ಒಮ್ಮತಕ್ಕೆ ಬಂದಿರಲಿಲ್ಲವಾದ್ದರಿಂದ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡುವುದು, ಒಂದು ಕೈಕೊಟ್ಟರೆ ಇನ್ನೊಂದು ಎಂದು ತೀರ್ಮಾನಿಸಿದೆ. ನನ್ನ ಕಂಪ್ಯೂಟರ್, ಆಡಿಟರ ಲ್ಯಾಪ್‌ಟಾಪ್, ಪೆನ್‌ಡ್ರೈವ್ ಚುಚ್ಚಿದ ಭಾವಮೈದನ ಕಂಪ್ಯೂಟರ್ ಮೇಜು ತುಂಬ ಕೂತವು. ಹೊರಗಿನ ಸದ್ದು ಬರಬಾರದೆಂದು ಕಿಟಕಿಗೆಲ್ಲ ಹಾಸಿಗೆ ಒರಗಿಸಿದೆ. ಬಾಗಿಲ ಸಂದಿಗೆ ಟವೆಲ್ ತುರುಕಿದೆ. ಫ್ಯಾನ್ ಆರಿಸಿದೆ. ದೊಡ್ಡಮ್ಮನಿಗೆ ಹೊಸ ಬಟ್ಟೆ ಉಡಿಸಿ ಮೈಕಿನ ಮುಂದೆ ಕೂರಿಸಿದೆವು. ಕೈಯಲ್ಲಿದ್ದ ಸೂಜಿ, ದಾರ, ಗುಂಡಿಯ ಡಬ್ಬಿಯನ್ನು, ಗಲಗಲ ಅನ್ನುತ್ತದೆ ಎಂದು ಕಿತ್ತುಕೊಂಡು ಅಡುಗೆಮನೆಯಲ್ಲಿಟ್ಟೆ.

“ಹಾಡು ದೊಡ್ಡಮ್ಮ.”

ದೊಡ್ಡಮ್ಮ ಬಾಯಿ ತೆರೆದಳು. ಮುಚ್ಚಿದಳು.

“ಹಾಡು. ‘ಗುಂಡಿ ಗುಂಡಿ ಎಲ್ಲಿ ಹೋದೆ.’”

“ಅದು ಗೊತ್ತು ಕಣೋ. ಬರ್ತಾ ಇಲ್ಲ.” ತನ್ನ ಎರಡು ಖಾಲಿ ಕೈಗಳನ್ನು ನೋಡಿಕೊಂಡಳು. “ಈ ಕೈ ಸುಮ್ನಿದ್ರೆ ಬಾಯಿಗೆ ಏನೂ ಬರಲ್ಲ.”

ಅರ್ಧ ಗಂಟೆ ಕಳೆಯಿತು. ಎಲ್ಲರೂ ಬೆವರಿನಲ್ಲಿ ಮಿಂದಿದ್ದೆವು. ದೊಡ್ಡಮ್ಮನ ಕಣ್ಣಲ್ಲಿ ನೀರು ತುಂಬಿತು. “ಬಿಟ್ಬಿಡೋ, ನಂಗೆ ಆ ಯೋಗ ಇಲ್ಲ” ಎಂದಳು. ಸಂಕಟಕ್ಕೆ ನನ್ನ ಗಂಟಲು ಜೋರಾಯಿತು. “ಹಾಗನ್ಬೇಡ! ಬಾಯಿಬಿಡು ದೊಡ್ಡಮ್ಮ! ಬಿಡು ಅಂದ್ರೆ ಬಿಡು!” ಎಂದು ಅಂಗಲಾಚಿದೆ.

ಅದೇ ಹೊತ್ತಿಗೆ ಯಾರೋ ಹೊರಗಿನಿಂದ ಬಾಗಿಲು ತಳ್ಳಿದರು. ಟವೆಲ್ ಸಮೇತ ಬಾಗಿಲು ತೆರೆದುಕೊಂಡಿತು. ಕಪ್ಪು ಕೋಟು ತೊಟ್ಟ ಒಬ್ಬ ಹೆಂಗಸು ನಿಂತಿದ್ದರು. ಅವರ ಹಿಂದೆ ಟೀಚರ್, ಟೀಚರ್ ಹಿಂದೆ ಕಾವಲುಗಾರ, ಅವನ ಹಿಂದೆ ಅರ್ಧ ಕಟ್ಟಡ.

“ಹಿರಿಯರ ಹಿತರಕ್ಷಣಾ ಕಚೇರಿಯಿಂದ ಬಂದಿದ್ದೀನಿ, ವಿಚಾರಣಾಧಿಕಾರಿ” ಎಂದರು ಅವರು. “ಸೋಮವಾರ ದೂರು ಬಂದಿದೆ.”

ಸೋಮವಾರ ಬಂದ ದೂರಿಗೆ ಗುರುವಾರ ಹಾಜರಾಗುವ ಕಚೇರಿಯೂ ಇರುತ್ತದೆಂದು ನನಗೆ ನಂಬಲಾಗಲಿಲ್ಲ. ಅವರು ಒಳಗೆ ಬಂದು ಕಿಟಕಿಯ ಹಾಸಿಗೆಗಳನ್ನು ನೋಡಿದರು, ಮೂರು ಕಂಪ್ಯೂಟರ್ ನೋಡಿದರು, ಮೈಕಿನ ಮುಂದೆ ಕಣ್ಣೀರು ತುಂಬಿ ಕೂತ ಮುದುಕಿಯನ್ನು ನೋಡಿದರು.

“ಇವರ ಬಾಯಲ್ಲಿ ಏನು ಹೇಳಿಸ್ತಾ ಇದ್ರಿ?”

“ಏನೂ ಹೇಳ್ತಿಲ್ಲ ಮೇಡಂ, ಅದೇ ತೊಂದರೆ. ಅರ್ಧ ಗಂಟೆಯಿಂದ ಕೂರಿಸಿದ್ದೀವಿ.”

“ನೋಡಿದ್ರಾ!” ಎಂದರು ಟೀಚರ್.

“ಯಾವ ವೃದ್ಧಾಶ್ರಮಕ್ಕೆ ಹಾಕೋದು ಅಂತ ತೀರ್ಮಾನ ಆಯ್ತು?” ಎಂದು ಅಧಿಕಾರಿ ಗದರಿಸಿದರು.

“ವೃದ್ಧಾಶ್ರಮನಾ?”

ಹೆಂಡತಿ ನನ್ನನ್ನು ನೋಡಿದಳು. ನಾನು ಆಡಿಟರನ್ನು ನೋಡಿದೆ. ಆಡಿಟರ್ ತಮ್ಮ ಲ್ಯಾಪ್‌ಟಾಪನ್ನು ಕಂಕುಳಿಗೇರಿಸಿ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟರು, ಅಲ್ಲಿ ಜಾಗ ಇಲ್ಲದ್ದರಿಂದ ಅದನ್ನು ಮತ್ತೆ ಮೇಜಿನ ಮೇಲಿಟ್ಟರು.

“ನನ್ನನ್ನ ಎಲ್ಲಿಗೋ ಕಳಿಸ್ತೀಯ?” ಎಂದಳು ದೊಡ್ಡಮ್ಮ, ಸಣ್ಣ ದನಿಯಲ್ಲಿ.

ಆಗ ನನಗೆ ಟೀಚರ ಚಿಕ್ಕಪ್ಪ ಯಾರೆಂದೂ, ಅಕ್ಕ ಯಾಕೆ ಫೋನ್ ಕುಕ್ಕಿದಳೆಂದೂ, ಕಿತ್ತಳೆ ಹಣ್ಣು ಯಾಕೆ ಬಂತೆಂದೂ ಒಟ್ಟಿಗೇ ಹೊಳೆಯಿತು. “ಅಯ್ಯೋ, ಇಲ್ಲ ದೊಡ್ಡಮ್ಮ! ನಿನ್ನ ಬಿಟ್ಟು ನಾನಿರ್ತೀನಾ? ಕಂಪ್ಯೂಟರ್ ಮೇಡಂ, ಕಂಪ್ಯೂಟರ್! ಫೈಲು ನೋಡಿ!” ಎಂದು ಫೈಲನ್ನೇ ಅವರ ಕೈಗೆ ತುರುಕಿದೆ.

ಅಧಿಕಾರಿ ನಿಂತಲ್ಲೇ ಓದಿದರು. ಟಿಪ್ಪಣಿ, ಸಭಾ ನಡವಳಿ, ತುಲನಾ ಪಟ್ಟಿ, ಒಂದೊಂದೇ ಹಾಳೆ. ಓದುತ್ತಾ ಓದುತ್ತಾ ಅವರ ಮುಖದ ಗಂಟು ಸ್ವಲ್ಪ ಸಡಿಲವಾಯಿತು. “ಪುಟಸಂಖ್ಯೆ ಚೆನ್ನಾಗಿ ಹಾಕಿದ್ದೀರಿ” ಎಂದರು. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಈ ಮಾತು ಹೇಳಿದ ಮೊದಲ ವ್ಯಕ್ತಿ ಅವರು. “ಆದ್ರೆ ಒಂದು ಹಾಡಿಗೆ ಇಷ್ಟು ಕಾಗದ ಅಂದ್ರೆ ಯಾರು ನಂಬ್ತಾರೆ? ಇದುವರೆಗೂ ರೆಕಾರ್ಡ್ ಮಾಡಿದ್ದು ಏನಾದ್ರೂ ಇದ್ರೆ ಕೇಳ್ಸಿ.”

“ಪರೀಕ್ಷೆ ಮಾಡಿದ್ದು ಮೂರಿದೆ ಮೇಡಂ” ಎಂದು ಭಾವಮೈದ ಒಂದನ್ನು ಒತ್ತಿದ.

“ಒಂದು, ಎರಡು, ಮೂರು, ಇದು ಪರೀಕ್ಷೆ” ಎಂದು ಸ್ಪೀಕರಿನಲ್ಲಿ ನನ್ನ ದನಿ ಬಂತು. ಮರುಕ್ಷಣ, “ದೊಡ್ಡಮ್ಮ! ಸ್ವಲ್ಪ ಸುಮ್ನಿರು!” ಎಂಬ ಆರ್ಭಟ.

ಇಡೀ ಕಟ್ಟಡ ನನ್ನ ಕಡೆ ತಿರುಗಿತು. ಟೀಚರ್ “ಥೂ” ಎಂದರು. ಅಧಿಕಾರಿ ಪೆನ್ನು ತೆಗೆದು ಏನೋ ಬರೆದುಕೊಂಡರು. ದೊಡ್ಡಮ್ಮ ಮಾತ್ರ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದಳು.

“ಅವನ ಕೂಗಿಗೆ ಮುಂಚೆ ಅಲ್ಲಿ ಹಿಂದೆ ಯಾರೋ ಹಾಡ್ತಿದ್ರಲ್ಲ, ಅದನ್ನ ಇನ್ನೊಂದ್ಸಲ ಹಾಕಪ್ಪ.”

ಭಾವಮೈದ ದನಿ ಜೋರು ಮಾಡಿ ಎರಡನೆಯದನ್ನು ಹಾಕಿದ. ಈ ಸಲ ಎಲ್ಲರಿಗೂ ಕೇಳಿಸಿತು. ನನ್ನ ಒಂದು-ಎರಡು-ಮೂರರ ಹಿಂದೆ, ಪಕ್ಕದ ಕೋಣೆಯಿಂದ, ಸಣ್ಣಗೆ, ನೆಟ್ಟಗೆ, ‘ಸಣ್ಣ ಸೂಜಿ ಹುಡುಕಿ ಬಂತು, ದಾರ ಹಿಂದೆ ಅಳುತ ಬಂತು’ ಎಂದು ಹೋಗುತ್ತಿತ್ತು.

“ಯಾರೋ ಅದು? ಒಳ್ಳೇ ಗಂಟಲು” ಎಂದಳು ದೊಡ್ಡಮ್ಮ. ಆಮೇಲೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತು. “ಅಯ್ಯೋ, ನಾನಾ? ನಾನು ಹೀಗೆ ಹಾಡ್ತೀನಾ?”

ಭಾವಮೈದ ಉಳಿದದ್ದನ್ನೂ ಹಾಕಿದ. ಮೂರನೆಯದರಲ್ಲಿ ಹಾಡು ಇನ್ನೂ ಮುಂದಕ್ಕೆ ಹೋಗಿ, ‘ಸಿಕ್ಕಿತಪ್ಪ ಸಿಕ್ಕಿತು, ಮಂಚದ ಕೆಳಗೆ ಸಿಕ್ಕಿತು’ ಎಂಬಲ್ಲಿಗೆ ಬರುವಷ್ಟರಲ್ಲಿ ನನ್ನ ಕೂಗು ಬಂದು ಎಲ್ಲವನ್ನೂ ನುಂಗಿತು.

“ಆಮೇಲೆ?” ಎಂದರು ಅಧಿಕಾರಿ.

“ಆಮೇಲೆ ಇಲ್ಲ ಮೇಡಂ” ಎಂದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ಅನಗತ್ಯ ಸದ್ದು ಎಂದು ಬರೆದ ಹಾಳೆ ಇನ್ನೂ ಅವರ ಕೈಯಲ್ಲೇ ಇತ್ತು.

“ಕೊನೇ ಸಾಲೇ ಇಲ್ವೇನ್ರೀ? ಛೆ!” ಎಂದು ಅಧಿಕಾರಿ ಕೋಟಿನ ಅಂಚು ಜಗ್ಗಿಕೊಂಡರು. ಆಗ ದೊಡ್ಡಮ್ಮನ ಕಣ್ಣು ಆ ಕೋಟಿನ ಮೇಲೆ ಬಿತ್ತು. ಮಧ್ಯದ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

“ಇದೇನಮ್ಮ ನಿನ್ನ ಗುಂಡಿ ಈ ಗತಿ? ಬಿಚ್ಚಿ ಕೊಡು ಇಲ್ಲಿ” ಎಂದಳು ದೊಡ್ಡಮ್ಮ, ಕಾರ್ಖಾನೆಯ ದನಿಯಲ್ಲಿ.

ವಿಚಾರಣಾಧಿಕಾರಿ ಫೈಲನ್ನು ಮೇಜಿನ ಮೇಲಿಟ್ಟು ಕೋಟು ಬಿಚ್ಚಿ ಕೊಟ್ಟರು. ಹೆಂಡತಿ ಓಡಿಹೋಗಿ ಅಡುಗೆಮನೆಯಿಂದ ಸೂಜಿ ದಾರ ತಂದಳು. ದೊಡ್ಡಮ್ಮ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಮೊದಲ ಹೊಲಿಗೆ ಹಾಕಿದಳು. ಎರಡನೇ ಹೊಲಿಗೆಗೆ ಹಾಡು ತಾನಾಗಿ ಬಂತು. ‘ಗುಂಡಿ ಗುಂಡಿ ಎಲ್ಲಿ ಹೋದೆ.’

ಭಾವಮೈದ ಉಸಿರು ಬಿಗಿಹಿಡಿದು, ಮೂರರಲ್ಲಿ ಯಾವುದರ ಮೇಲೋ ಕೈಯಿಟ್ಟು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಹಾಡು ಹರಿಯಿತು. ಎಲ್ಲಿಗೋ ಹೋದ ಗುಂಡಿ, ಹುಡುಕಿ ಬಂದ ಸೂಜಿ, ಅಳುತ ಬಂದ ದಾರ, ಮಂಚದ ಕೆಳಗೆ ಸಿಕ್ಕಿದ್ದು, ಎಲ್ಲಾ ಬಂತು. ಟೀಚರ್ ಕಣ್ಣೊರೆಸಿಕೊಂಡರು. ಕಾವಲುಗಾರ ಟೋಪಿ ತೆಗೆದ. ನಾನು ದೀಪ ನೋಡಿದೆ, ದೊಡ್ಡಮ್ಮನನ್ನು ನೋಡಿದೆ. ಹಾಡು ಕೊನೆಯ ಸಾಲಿಗೆ ಬಂತು.

‘ನನ್ನ ಕಂದನ ಎದೆಯ ಮೇಲೆ...’

ನನಗೆ ಸಂತೋಷ ತಡೆಯಲಾಗಲಿಲ್ಲ.

“ಆಗ್ತಾ ಇದೆ! ರೆಕಾರ್ಡ್ ಆಗ್ತಾ ಇದೆ! ಯಾರೂ ಮಾತಾಡ್ಬೇಡಿ!” ಎಂದು ಕೂಗಿದೆ.

ಹಾಡು ನಿಂತಿತು. ಗುಂಡಿಯೂ ಗಟ್ಟಿಯಾಗಿತ್ತು. ದೊಡ್ಡಮ್ಮ ಆ ಎರಡು ಹಲ್ಲುಗಳ ನಡುವೆ ದಾರ ಇಟ್ಟು ಕಡಿದು, ಕೋಟನ್ನು ಕೊಡವಿ ವಾಪಸು ಕೊಟ್ಟಳು. ಆ ಹಲ್ಲುಗಳು ಮಾಡಿದ ಕೊನೆಯ ಕೆಲಸ ಅದೇ. ನನ್ನ ಕಡೆ ನೋಡಿದ ಹೆಂಡತಿಯ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಧಿಕಾರಿಯ ವರದಿಯ ಒಂದು ಪ್ರತಿ ನಮಗೂ ಬಂತು, ಅದೂ ಎರಡೇ ದಿನದಲ್ಲಿ. ‘ಸದರಿ ವೃದ್ಧೆಯವರು ಮನೆಯಲ್ಲಿ ಕ್ಷೇಮವಾಗಿದ್ದಾರೆ. ವೃದ್ಧಾಶ್ರಮದ ದೂರಿನಲ್ಲಿ ಹುರುಳಿಲ್ಲ. ಆದರೆ ಮನೆಯ ಯಜಮಾನರು ಅವರಿಗೆ ಒಂದು ಹಾಡನ್ನು ಪೂರ್ತಿ ಹಾಡಲು ಬಿಡುವುದಿಲ್ಲ. ಎಚ್ಚರಿಕೆ ನೀಡಲಾಗಿದೆ.’ ಅದನ್ನು ಫೈಲಿಗೆ ಸೇರಿಸಿ ಪುಟಸಂಖ್ಯೆ ಹಾಕಿದೆ.

ಶನಿವಾರ ಸಮಿತಿಯ ಕೊನೆಯ ಸಭೆ. ಆ ನಾಲ್ಕನೆಯ ರೆಕಾರ್ಡಿಂಗ್ ಯಾವ ಸಿಸ್ಟಂನಲ್ಲಿ ಆದದ್ದು ಎಂದು ಆಡಿಟರ್ ಕೇಳಿದರು. ಭಾವಮೈದ ತಲೆ ಕೆರೆದುಕೊಂಡ. ಗಡಿಬಿಡಿಯಲ್ಲಿ ನಾಲ್ಕನ್ನೂ ಒಂದೇ ಕಡೆ ಸೇರಿಸಿ ನನ್ನ ಹೆಂಡತಿಯ ಫೋನಿಗೆ ಕಳಿಸಿಬಿಟ್ಟಿದ್ದನಂತೆ. ಯಾವುದು ಯಾವುದರದ್ದು ಎಂದು ಅವನಿಗೂ ತಿಳಿಯದು, ನಾವು ಹತ್ತು ಸಲ ಕೇಳಿದರೂ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾನೂ ಫೈಲಿನಲ್ಲಿ ನಮೂದಿಸಲು ಮರೆತಿದ್ದೆ. ಹೆಂಡತಿ ತನ್ನ ಫೋನನ್ನು ಮೇಜಿನ ನಡುವೆ ಇಟ್ಟು, ಒರಗಿಸಿ ನಿಲ್ಲಿಸಿದಳು.

ದೊಡ್ಡಮ್ಮ ಅದರ ಮುಂದೆ ಕೂತಿದ್ದಳು. ಹಲ್ಲು ಹೋಗಿ ಒಂದು ದಿನವಾಗಿತ್ತು, ಕೆನ್ನೆ ಸ್ವಲ್ಪ ಊದಿತ್ತು. ನಾಲ್ಕನೆಯದನ್ನು ಆ ಬೆಳಗ್ಗೆಯಿಂದ ಹನ್ನೆರಡನೇ ಸಲ ಕೇಳುತ್ತಿದ್ದಳು.

“ದೊಡ್ಡಮ್ಮ” ಎಂದ ಭಾವಮೈದ, ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ, “ಇದಕ್ಕೊಂದು ಉಪಾಯ ಇದೆ. ಭಾವನ ಕೂಗನ್ನ ಪೂರ್ತಿ ತೆಗೆದುಹಾಕ್ಬಹುದು. ಬರೀ ನಿಮ್ಮ ಹಾಡು ಉಳಿಯುತ್ತೆ. ತೆಗೆಯಲಾ?”

ದೊಡ್ಡಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು.

“ಬೇಡಪ್ಪ. ಅವನ ಕೂಗು ತೆಗೆದ್ರೆ, ನಾನ್ಯಾಕೆ ಅರ್ಧಕ್ಕೇ ಹಾಡೋದು ಬಿಟ್ಟೆ ಅಂತ ಕೇಳೋರಿಗೆ ಹೇಗೆ ಗೊತ್ತಾಗ್ಬೇಕು?”